ಒಪ್ಪೊತ್ತಿನಲ್ಲಿ ಬೆಳೆದ ಹೊಟ್ಟೆ

ನನ್ನ ಕಾಲಿನ ಹೆಬ್ಬೆರಳನ್ನು ನಾನು ಸುಮಾರು ಹತ್ತು ವರ್ಷ ನೋಡಿರಲಿಲ್ಲ. ಅದೇನೂ ಊರು ಬಿಟ್ಟು ಹೋಗಿರಲಿಲ್ಲ. ನಡುವೆ ನನ್ನ ಹೊಟ್ಟೆ ಬಂದು ಕೂತಿತ್ತು, ಅಷ್ಟೆ. ನಮ್ಮ ಕೊಳ್ಳೇಗಾಲ ಮದರಾಸು ಸೀಮೆ ಬಿಟ್ಟು ಮೈಸೂರಿಗೆ ಸೇರಿದ ವರ್ಷವೇ ನನ್ನ ಮದುವೆಯಾದದ್ದು. ರಾಜ್ಯದ ಗಡಿ ಅಲ್ಲಿಗೇ ನಿಂತಿತು. ನನ್ನ ಸೊಂಟದ ಗಡಿ ಮಾತ್ರ ಮುಂದೆ ಸರಿಯುತ್ತಲೇ ಹೋಯಿತು. ಗಾದಿಯ ಮೇಲೆ ಕೂತು ರೇಷ್ಮೆ ಸೀರೆ ಬಿಡಿಸಿ ತೋರಿಸುವ ವ್ಯಾಪಾರಿಗೆ ಒಂದಿಷ್ಟು ಹೊಟ್ಟೆ ಇದ್ದರೇ ಲಕ್ಷಣ ಎಂದು ಊರೂ ಒಪ್ಪಿತ್ತು.

ಒಪ್ಪದವಳು ನನ್ನ ಹೆಂಡತಿ ಗೌರಮ್ಮ. ಮದುವೆಯಾದ ಹೊಸದರಲ್ಲಿ ಅವಳೊಂದು ಹರಕೆ ಹೊತ್ತಿದ್ದಳು: ಇಬ್ಬರೂ ಜೊತೆಯಾಗಿ ಮಾದಪ್ಪನ ಬೆಟ್ಟವನ್ನು ನಡೆದೇ ಹತ್ತುವುದು. ನಾನೋ, ಅಂಗಡಿಯಿಂದ ಮನೆಗೆ ಬರುವಷ್ಟರಲ್ಲೇ ಮೀನಖಂಡ ಹಿಡಿದುಕೊಂಡು ತತ್ತರಿಸುವವನು. ಪುಣ್ಯಕ್ಕೆ, ಜೊತೆಯಲ್ಲಿ ಹೊರಟಾಗಲೆಲ್ಲ ಸರಿಯಾಗಿ ಆ ಹೊತ್ತಿಗೆ ಅವಳೇ ನಿಲ್ಲುತ್ತಿದ್ದಳು.

“ವಸಿ ನಿಂತ್ಕಳಿ, ಕಾಲ್ಗೆ ಮುಳ್ಳು ಚುಚ್ತು ಕಣ್ರಿ.”

ಊರಿನ ಮುಳ್ಳೆಲ್ಲ ನಿನ್ನ ಪಾದವನ್ನೇ ಹುಡುಕಿಕೊಂಡು ಬರುತ್ತವಲ್ಲ ಎಂದು ನಾನು ರೇಗಿಸುತ್ತಿದ್ದೆ. ಅವಳು ಮುಳ್ಳು ತೆಗೆಯುವಷ್ಟರಲ್ಲಿ ನನ್ನ ಉಸಿರೂ ಹದಕ್ಕೆ ಬರುತ್ತಿತ್ತು.

ನನ್ನ ಕಾಲುನೋವು ಹೆಚ್ಚಾಗಿ ಇಬ್ಬರೂ ಡಾಕ್ಟರ ಬಳಿ ಹೋದೆವು. ರಕ್ತದ ಒತ್ತಡ ನೋಡುವ ಪಟ್ಟಿ ನನ್ನ ತೋಳನ್ನು ಸುತ್ತಲಾರದೆ ಎರಡು ಸಲ ಬಿಚ್ಚಿಕೊಂಡಿತು. ಡಾಕ್ಟರು ಬೈಯಲಿಲ್ಲ, ಕಪಿಲೆ ಬಾವಿಯ ಮಾತೆತ್ತಿದರು. ನೀರು ಸೇದುವ ತೊಗಲಿನ ಚೀಲ ಮೆತ್ತಗಿದ್ದರೆ ತುಂಬಿದಾಗ ಹಿಗ್ಗುತ್ತದೆ, ಸುರಿದಾಗ ಕುಗ್ಗುತ್ತದೆ. ರಕ್ತನಾಳವೂ ಹಾಗೇ ಇರಬೇಕು. ಬೊಜ್ಜು ಏರಿದ ಹಾಗೆಲ್ಲ ಅದು ಗಡುಸಾಗಿ, ಒಳದಾರಿ ಕಿರಿದಾಗುತ್ತದೆ. ಇವತ್ತು ಕಾಲು, ನಾಳೆ ಎದೆ. ತೂಕ ಇಳಿಸಿದರೆ ಮತ್ತೆ ಒಂದಿಷ್ಟು ಮೆತ್ತಗಾದೀತು ಎಂದರು. ಎದೆಯ ಮಾತು ಬಂದಾಗ ಗೌರಮ್ಮನ ಮುಖ ನೋಡಿ ನನಗೆ ನಿಜವಾಗಿಯೂ ಭಯವಾಯಿತು.

ಉಪವಾಸಕ್ಕೆ ನಮ್ಮ ಮನೆಯಲ್ಲಿ ಬರವೇ? ಸೋಮವಾರದ ಒಪ್ಪೊತ್ತಿಗೆ ಗುರುವಾರ, ಶನಿವಾರಗಳನ್ನೂ ಸೇರಿಸಿದೆ. ಒಪ್ಪೊತ್ತೆಂದರೆ ಊಟ ಒಂದೇ ಹೊತ್ತು. ಇನ್ನೊಂದು ಹೊತ್ತು ಅನ್ನ, ಮುದ್ದೆ ಮುಟ್ಟುವಂತಿಲ್ಲ. ಹಿರಿಯರು ಅಷ್ಟು ಹೇಳಿ ಸುಮ್ಮನಾಗಿದ್ದಾರೆ. ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣು, ಬೆಲ್ಲ ಹಾಕಿದ ಹಾಲು, ಇವುಗಳ ವಿಷಯ ಅವರು ಎತ್ತಿಯೇ ಇಲ್ಲ. ಪಾಪ, ವಾರಕ್ಕೆ ಮೂರು ದಿನ ಒಪ್ಪೊತ್ತು ಎಂದು ಅಕ್ಕಪಕ್ಕದವರೂ ಒಂದೊಂದು ತಟ್ಟೆ ಕಳಿಸಿದರು. ತಿಂಗಳು ಕಳೆದು ತೂಕ ನೋಡಿದರೆ ನಾಲ್ಕು ಪೌಂಡು ಜಾಸ್ತಿ! ಡಾಕ್ಟರು ಕನ್ನಡಕ ತೆಗೆದಿಟ್ಟು, ದಯವಿಟ್ಟು ಉಪವಾಸ ಬಿಟ್ಟುಬಿಡಿ ಎಂದು ಕೈಮುಗಿದರು.

ಅಂದಿನಿಂದ ಅರ್ಧ ಮುದ್ದೆ, ಸೊಪ್ಪಿನ ಸಾರು, ಬೆಳಿಗ್ಗೆ ಗೌರಮ್ಮನ ಜೊತೆ ಮಧುವನಹಳ್ಳಿಯ ಕಡೆಗೆ ನಡಿಗೆ. ಮೊದಲ ವಾರ ಊರು ದಾಟಲಿಲ್ಲ. ಆರು ತಿಂಗಳಿಗೆ ಮಧುವನಹಳ್ಳಿಯೇ ಸಿಕ್ಕಿತು. ಸೊರಗಿದ ನನ್ನನ್ನು ನೋಡಿದವರು ವ್ಯಾಪಾರ ಬಿತ್ತೇನೋ ಎಂದು ಕನಿಕರಪಟ್ಟರು. ವರ್ಷ ತಿರುಗುವಷ್ಟರಲ್ಲಿ ಡಾಕ್ಟರ ಪಟ್ಟಿ ತೋಳು ಸುತ್ತಿ ಮಿಕ್ಕಿತು, ಒತ್ತಡ ಇಳಿಯಿತು, ಮೀನಖಂಡವೂ ತಕರಾರು ನಿಲ್ಲಿಸಿತು. ನನಗೆ ಕುಣಿಯುವಷ್ಟು ಸಂತೋಷ.

ಹರಕೆ ತೀರಿಸಲು ಹೊರಟೆವು. ಬೆಟ್ಟದ ಕಾಲುದಾರಿಯ ಎರಡೂ ಕಡೆ ಮುಳ್ಳಿನ ಪೊದೆ. ಗೌರಮ್ಮ ಬರಿಗಾಲಲ್ಲಿ ಎಲ್ಲೂ ನಿಲ್ಲದೆ ಹತ್ತುತ್ತಿದ್ದಳು. ನನ್ನ ಮೀನಖಂಡದ ನೋವು ನಿಂತಂದಿನಿಂದ ಅವಳ ಕಾಲಿಗೆ ಒಂದು ಮುಳ್ಳೂ ಚುಚ್ಚಿರಲಿಲ್ಲ ಎಂಬುದು ನನ್ನ ಮಂದ ತಲೆಗೆ ಆಗ ಹೊಳೆಯಿತು. ಅಷ್ಟು ವರ್ಷದ ಆ ಮುಳ್ಳುಗಳೆಲ್ಲ ಯಾರಿಗಾಗಿ ಎಂಬುದೂ ತಿಳಿಯಿತು.

ಏರು ಕಡಿದಾದ ಕಡೆ ಅವಳಿಗೆ ಏದುಸಿರು ಬಂತು. ಸೋತೆ ಎಂದು ಬಾಯಿಬಿಡುವ ಹೆಂಗಸಲ್ಲ ಅವಳು. ನಾನು ನಿಂತೆ, ಸಲೀಸಾಗಿ ಬಗ್ಗಿದೆ, ಹೆಬ್ಬೆರಳು ಹಿಡಿದುಕೊಂಡೆ.

“ವಸಿ ನಿಂತ್ಕ, ಕಾಲ್ಗೆ ಮುಳ್ಳು ಚುಚ್ತು.”

ಗೌರಮ್ಮ ಪಕ್ಕದ ಕಲ್ಲಿನ ಮೇಲೆ ಕೂತಳು. ನನ್ನ ಕಾಲಿನ ಕಡೆ ನೋಡದೆಯೇ ನಗತೊಡಗಿದಳು.