ನಾಲ್ಕನೆಯ ಕಾರಣ

ಅನಘಾ, ಆ ಚೀಟಿ ಕಿತ್ತವನು ನಾನು. ಕ್ಲೋಯಿ ಏನೂ ಮಾಡಿರಲಿಲ್ಲ.

ನೀನಾಗ ಎಂಟನೆಯ ಕ್ಲಾಸು. ಅಮೆರಿಕನ್ನರಿಗೂ ಬ್ರಿಟಿಷರಿಗೂ 1812ರಲ್ಲಿ ಯುದ್ಧ ಯಾಕಾಯಿತು ಎಂದು ಪ್ರಾಸ್ಪರ್ ಊರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ನೀನೂ ನಿನ್ನ ಗೆಳತಿ ಕ್ಲೋಯಿಯೂ ಶಾಲೆಯಲ್ಲಿ ತೂಗುಹಾಕುವ ರಟ್ಟಿಗೆ ಚೀಟಿ ಅಂಟಿಸುತ್ತಿದ್ದಿರಿ. ಬ್ರಿಟಿಷರು ಅಮೆರಿಕದ ಹಡಗು ತಡೆದು ನಾವಿಕರನ್ನು ಎಳೆದೊಯ್ದರು. ವ್ಯಾಪಾರಕ್ಕೆ ಅಡ್ಡಗಾಲು ಹಾಕಿದರು. ಮೂಲನಿವಾಸಿಗಳಿಗೆ ಬಂದೂಕು ಕೊಟ್ಟರು. ಮೂರೂ ನಿನ್ನ ಅಕ್ಷರ. ನಾಲ್ಕನೆಯದು ಕ್ಲೋಯಿಯದು — ಅಮೆರಿಕನ್ನರಿಗೂ ನೆಲದಾಸೆ ಇತ್ತು. ಮೂಲನಿವಾಸಿಗಳ ನೆಲ, ಸಾಧ್ಯವಾದರೆ ಕೆನಡಾ ಕೂಡ.

ನಮ್ಮ ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಕೊಳೆಯುತ್ತಿತ್ತು. ನಾನು ಗೊತ್ತಲ್ಲ — ಕೆಂಪು ದೀಪದಲ್ಲಿ ಬಲಕ್ಕೆ ತಿರುಗಬಹುದೆಂದು ಕಾನೂನೇ ಹೇಳಿದರೂ, ಹಿಂದಿನವರ ಹಾರ್ನ್ ಕೇಳುತ್ತ ಹಸಿರಿಗೇ ಕಾಯುವ ಆಸಾಮಿ. ಶಾಲೆಯ ಗೋಡೆಯ ಮೇಲೆ ಆ ಮಾತು, ಕೆಳಗೆ ನಮ್ಮ ಹೆಸರು, ಯಾರೋ ಫೋಟೊ ತೆಗೆದು ಎಲ್ಲಿಗೋ ಕಳಿಸಿ... ಕ್ಲೋಯಿಗೇನು, ಇಲ್ಲಿಯವಳು, ಬರೆದಾಳು. ನಾವು?

ಬೆಳಿಗ್ಗೆ ರಟ್ಟನ್ನು ಕಾರಿನಲ್ಲಿಡುವಾಗ ಆ ನಾಲ್ಕನೆಯ ಚೀಟಿ ಕಿತ್ತು ಲ್ಯಾಪ್‌ಟಾಪ್ ಬ್ಯಾಗಿಗೆ ಸೇರಿಸಿದೆ.

ಸಂಜೆ ನೀನು ಮುಖ ಕೆಂಪಗೆ ಮಾಡಿಕೊಂಡು ಬಂದೆ. "ಅಪ್ಪಾ, ಶೀ ಡಿಡಂಟ್ ಈವನ್ ಗ್ಲೂ ಇಟ್!" ಸರಿಯಾಗಿ ಅಂಟಿಸದೆ ಚೀಟಿ ಬೀಳಿಸಿದಳೆಂದು ಎಲ್ಲರೆದುರು ಅವಳಿಗೆ ಬೈದಿದ್ದೆಯಂತೆ. ಅವಳು ಅತ್ತಳಂತೆ.

ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು — "ಹೋಗ್ಲಿ ಬಿಡು ಪುಟ್ಟಿ, ಕೆಲವ್ರು ಹಂಗೇನೆ. ಜವಾಬ್ದಾರಿ ಇರಲ್ಲ."

ಕಿತ್ತದ್ದು ಹೆದರಿಕೆಯಿಂದ. ಈ ಮಾತು ಆಡಿದ್ದು... ಇದಕ್ಕೆ ಏನು ಹೆಸರಿಡಲಿ?

ಶನಿವಾರದ ದೋಸೆಗೆ ಅವಳು ಮತ್ತೆ ಬರಲಿಲ್ಲ. ಚಟ್ನಿಪುಡಿ ಕೇಳಿ ಹಾಕಿಸಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಲೇ ತಿನ್ನುತ್ತಿದ್ದ ಹುಡುಗಿ. ಒಮ್ಮೆ ಅಂಗಡಿಯಲ್ಲಿ ನನ್ನನ್ನು ಕಂಡು ಕೈಬೀಸಿದಳು. ನಾನು ಓಟ್ಸ್ ಡಬ್ಬಿಯ ಹಿಂಬದಿಯನ್ನು ಶ್ರದ್ಧೆಯಿಂದ ಓದತೊಡಗಿದೆ.

ವರ್ಷಗಳ ನಂತರ, ಪೌರತ್ವದ ಸಂದರ್ಶನದಲ್ಲಿ ಅಧಿಕಾರಿ ಅಮೆರಿಕದ ಹಳೆಯದೊಂದು ಯುದ್ಧದ ಹೆಸರು ಹೇಳಿ ಎಂದರು. ನನ್ನ ಬಾಯಿಗೆ ಬಂದದ್ದು ಅದೇ — 1812. ಸರಿ ಎಂದು ಗುರುತು ಹಾಕಿಕೊಂಡರು. ಕಾರಣ ಕೇಳಲಿಲ್ಲ.

ಚೀಟಿ ಇನ್ನೂ ನನ್ನ ಹತ್ತಿರ ಇದೆ. ಹಿಂದಿನ ಅಂಟು ಹಳದಿಗಟ್ಟಿದೆ. ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ — ಹಾಗಾಗಿ ಈ ಶನಿವಾರ ನಿನ್ನ ಆಸ್ಟಿನ್ ಹಾಸ್ಟೆಲಿಗೆ ಬಂದು ಈ ಪತ್ರವನ್ನು ನಾನೇ ಓದಿ ಹೇಳುತ್ತೇನೆ. ನಡುವೆ ಎದ್ದು ಹೋಗಬೇಕೆನಿಸಿದರೆ ಹೋಗು. ಕ್ಲೋಯಿಯನ್ನು ಹುಡುಕುವ ಕೆಲಸವೂ ನನ್ನದೇ. ಚೀಟಿ ಅವಳದು; ಅವಳ ಕೈಗೇ ಕೊಡಬೇಕು.