ರೊಟ್ಟಿ ಬಡಿಯುವ ಕೈ, ನೋವಿನ ಗುಳಿಗೆ

ಮೊದಲು ಹಟ ಹಿಡಿದದ್ದು ಬಲಗೈಯ ನಡುಬೆರಳು. ಒಂದು ನಸುಕಿನಲ್ಲಿ ಎದ್ದು, ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಲು ಕೂತೆ. ಬೆರಳು ಮಡಚಲಿಲ್ಲ. ನಿದ್ದೆಯಲ್ಲಿ ಕೈ ಮೈಯಡಿ ಸಿಕ್ಕಿರಬೇಕು ಅಂದುಕೊಂಡೆ. ಮರುದಿನ ಅದರ ಪಕ್ಕದ ಬೆರಳೂ ಮಡಚಲಿಲ್ಲ. ವಾರದೊಳಗೆ ಎಡಗೈಯೂ ಅದೇ ರಾಗ ತೆಗೆಯಿತು.

ನಾವಿರುವುದು ತೆಲಂಗಾಣದ ಲಿಂಗಂಪಲ್ಲಿಯಲ್ಲಿ, ಸ್ಟೇಷನ್ನಿನ ಹಿಂದಿನ ಓಣಿ. ಕಟ್ಟಡದ ಕೆಲಸಕ್ಕೆ ನಮ್ಮ ಕಡೆಯಿಂದ ಬಂದವರು ಸುತ್ತಲೂ ಇದ್ದಾರೆ. ಅನ್ನ ತಿಂದು ತಿಂದು ಬಾಯಿ ಸತ್ತುಹೋದ ಅವರಿಗಾಗಿ ನಾನೂ ಪಕ್ಕದ ಮನೆಯ ಸರೂಬಾಯಿಯೂ ಕೂಡಿ ದಿನಾ ನೂರೈವತ್ತು ರೊಟ್ಟಿ ಬಡಿಯುತ್ತೇವೆ. ಸರೂಬಾಯಿ ಬೀದರಿನವಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ನನಗೆ ಏಳನೇ ಇಯತ್ತೆಗೆ ಶಾಲೆ ಬಿಡಿಸಿದ್ದರು. ಆಮೇಲೆ ಕಲಿತ ವಿದ್ಯೆ ಇದೊಂದೇ. ಬೆಳದಿಂಗಳಂಥ ರೊಟ್ಟಿ ಅಂತ ನಾಲ್ಕು ಜನ ಹೊಗಳಿದರೆ ದಿನವಿಡೀ ಉಬ್ಬಿಕೊಂಡು ಓಡಾಡುವವಳು ನಾನು. ಈ ಕೈ ನಿಂತರೆ ಏನು ಮಾಡಲಿ ಅನ್ನುವುದೊಂದೇ ಯೋಚನೆ.

ನಮ್ಮನೆಯವರು ಪಟಾನ್‌ಚೆರುವಿನ ಒಂದು ಔಷಧಿ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಸೆಕ್ಷನ್ನಿನಲ್ಲಿದ್ದಾರೆ. ಗುಳಿಗೆಯ ಜೊತೆ ಬರುವ ಉದ್ದನೆಯ ಚೀಟಿ ಇರುತ್ತದಲ್ಲ, ಅದನ್ನು ಮಡಚಿ ಡಬ್ಬಿಗೆ ಸೇರಿಸುವುದು ಅವರ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದಾರೆ. ಹೀಗಾಗಿ ಓಣಿಯಲ್ಲಿ ಅವರು ಅರ್ಧ ಡಾಕ್ಟರ್. ಯಾರಿಗೆ ತಲೆ ನೋಯಲಿ, ಸೊಂಟ ಹಿಡಿಯಲಿ, ಸೀದಾ ನಮ್ಮ ಮನೆಗೇ ಬರುತ್ತಾರೆ.

“ಇದು ಬಾವು ಇಳಸೂ ಗುಳಿಗಿ. ಭಾಳ ಚಲೋ ಐತಿ, ನಮ್ಮಲ್ಲೇ ಪ್ಯಾಕ್ ಆಗೂದು” ಅಂತ ಮೆಡಿಕಲ್ ಶಾಪಿನಿಂದ ಒಂದು ಸ್ಟ್ರಿಪ್ ತಂದುಕೊಟ್ಟರು.

ಏನು ಹೇಳಲಿ! ಒಂದು ತಾಸಿನಲ್ಲಿ ಬೆರಳು ಸಡಿಲಾದವು. ನಸುಕಿನಲ್ಲಿ ಎದ್ದ ಕೂಡಲೇ ಒಂದು ಗುಟುಕು ನೀರಿನ ಜೊತೆ ಗುಳಿಗೆ ನುಂಗುವುದು, ಒಲೆ ಹಚ್ಚುವುದು, ಬಡಿಯಲು ಕೂಡುವುದು. ಮೊದಲ ರೊಟ್ಟಿ ಆಕಳಿಗೆ ಎತ್ತಿಡುವುದು ನಮ್ಮಲ್ಲಿ ಪದ್ಧತಿ. ಆಮೇಲೆ ಕೆಲಸದವರದು, ಆಮೇಲೆ ಮನೆಯವರದು. ಬಡಿಯುವವಳು ಉಣ್ಣುವುದು ಎಲ್ಲರದೂ ಮುಗಿದ ಮೇಲೆ. ಹಂಚು ಒಲೆಯ ಮೇಲಿರುವಾಗ ಬಾಯಿಗೆ ತುತ್ತಿಟ್ಟರೆ ನನ್ನವ್ವ ಮುಂಗೈ ಮೇಲೆ ಫಟ್ ಅಂತ ಕೊಡುತ್ತಿದ್ದಳು. ನನ್ನ ಹೊಟ್ಟೆಗೆ ಏನಾದರೂ ಬೀಳುವಾಗ ಮಧ್ಯಾಹ್ನ ಒಂದು ಗಂಟೆ ಆಗಿರುತ್ತಿತ್ತು.

ನಾಲ್ಕು ತಿಂಗಳು ಹೀಗೇ ನಡೆಯಿತು. ದಿನಕ್ಕೊಂದು ಇದ್ದದ್ದು ಎರಡಾಯಿತು, ಮೂರಾಯಿತು. ಹೊಟ್ಟೆಯಲ್ಲಿ ಉರಿ ಶುರುವಾಯಿತು. ಖಾರ ಜಾಸ್ತಿ ಆಗಿರಬೇಕು ಅಂದುಕೊಂಡೆ.

ಆಮೇಲೆ ಮಲ ಡಾಂಬರಿನ ಹಾಗೆ ಕಪ್ಪಗಾಯಿತು.

ನಾಚಿಕೆ ಬಿಟ್ಟು ಸರೂಬಾಯಿಗೆ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. “ದಿನಾ ಗುರೆಳ್ಳಿನ ಹಿಂಡಿ ಬಕ್ಕರಿಸ್ತಿ, ಕಪ್ಪಗಾಗ್ದೆ ಬೆಳ್ಳಗಾಗ್ತದೇನ?” ಅಂದಳು. ಹೌದಲ್ಲ ಅನ್ನಿಸಿತು. ರೊಟ್ಟಿಗೆ ಗುರೆಳ್ಳಿನ ಚಟ್ನಿಪುಡಿ ನನಗೆ ಉಂಡಾಗೆಲ್ಲ ಬೇಕು, ಅದೂ ಕರ್ರಗೇ ಇರುತ್ತದೆ. ನಾನೂ ನಕ್ಕೆ. ಅಷ್ಟಕ್ಕೇ ಮಾತು ಮುಗಿಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹತ್ತು ದಿನದ ಮೇಲೆ ಹಂಚಿನ ಮುಂದೆಯೇ ಬಿದ್ದೆ.

ಸರೂಬಾಯಿ ಹಿಂದಿನಿಂದ ಸೆರಗು ಹಿಡಿದು ಎಳೆಯದಿದ್ದರೆ ಮುಖ ಸುಟ್ಟುಹೋಗುತ್ತಿತ್ತು. ಆಟೋದಲ್ಲಿ ಹಾಕಿಕೊಂಡು ಹೋದದ್ದು ಅರೆಬರೆ ನೆನಪಿದೆ. ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಬಾಯಲ್ಲಿ ಪೈಪು ಇಳಿಸಿ ಎಂಡೋಸ್ಕೋಪಿ ಮಾಡಿದರು. ಹೊಟ್ಟೆಯಲ್ಲಿ ಅಲ್ಸರ್ ಆಗಿದೆ, ಅಲ್ಲಿಂದ ರಕ್ತ ಸೋರುತ್ತಿದೆ ಅಂದರು. ಏನು ಗುಳಿಗೆ ತೆಗೆದುಕೊಳ್ಳುತ್ತೀರಿ ಅಂತ ಡಾಕ್ಟರು ಕೇಳಿದಾಗ ನಮ್ಮನೆಯವರು ಸ್ಟ್ರಿಪ್ ತೆಗೆದು ತೋರಿಸಿದರು.

“ಪರಗಡುಪುನಾ?” ಅಂದರು ಡಾಕ್ಟರು. ಖಾಲಿ ಹೊಟ್ಟೆಯಲ್ಲಾ ಅಂತ ತೆಲುಗಿನಲ್ಲಿ ಕೇಳಿದ್ದು. ನಾನು ತಲೆಯಾಡಿಸಿದೆ. ಮಲ ಕಪ್ಪಗಾಗಿತ್ತಾ ಅಂದರು. ಅದಕ್ಕೂ ತಲೆಯಾಡಿಸಿದೆ. ಕಪ್ಪಗೆ ಬಂದದ್ದು ಹಿಂಡಿಯಲ್ಲ, ನನ್ನದೇ ರಕ್ತ.

ಎರಡು ಬಾಟಲಿ ರಕ್ತ ಏರಿಸಿದರು. ಮೂರನೆಯ ದಿನ ನಮ್ಮನೆಯವರು ವಾರ್ಡಿಗೆ ಬಂದಾಗ ಕೈಯಲ್ಲಿ ಅದೇ ಗುಳಿಗೆಯ ಚೀಟಿ ಇತ್ತು. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ. ನರ್ಸಮ್ಮನಿಗೆ ಕೊಟ್ಟು ಓದಿಸಿದರು. ಊಟದ ಜೊತೆ ತೆಗೆದುಕೊಳ್ಳಿ. ಮಲ ಕಪ್ಪಗಾದರೆ ಗುಳಿಗೆ ನಿಲ್ಲಿಸಿ, ಕೂಡಲೇ ಡಾಕ್ಟರನ್ನು ನೋಡಿ. ಎಲ್ಲ ಅದರಲ್ಲೇ ಬರೆದಿತ್ತು.

“ಹನ್ನೊಂದು ವರ್ಷ ಆತು, ಇದನ್ನ ಮಡಚಾಕತ್ತೀನಿ. ಒಂದ ಸಲಾನೂ ಬಿಚ್ಚಿ ಓದಸಲಿಲ್ಲ ನೋಡು” ಅಂದವರೇ ನನ್ನ ಮಂಚದ ಪಕ್ಕ ಕೂತು ಅತ್ತುಬಿಟ್ಟರು. ನಾನು ಮದುವೆಯಾದಾಗಿನಿಂದ ಅವರು ಅತ್ತದ್ದು ನೋಡಿರಲಿಲ್ಲ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಮುಖ ನೋಡಿ ಸಿಟ್ಟು ಎಲ್ಲಿ ಹೋಯಿತೋ.

“ಸುಮ್ನಿರ್ರಿ, ಮಂದಿ ನೋಡಾಕತ್ತಾರ” ಅಂದೆ. “ಗುರೆಳ್ಳು ಅಂತ ನಕ್ಕು ಬಿಟ್ಟಾಕಿ ನಾನ ಅಲ್ಲೇನ್ರಿ?”

ಹೊಟ್ಟೆ ಸ್ವಲ್ಪ ಸುಧಾರಿಸಿದ ಮೇಲೆ ಕೀಲುಗಳ ಡಾಕ್ಟರ್ ಹತ್ತಿರ ಕಳಿಸಿದರು. ಸಣ್ಣ ವಯಸ್ಸಿನ ಹೆಣ್ಣುಮಗಳು. ಬ್ಲಡ್ ಟೆಸ್ಟ್, ಎಕ್ಸ್‌ರೇ ಎಲ್ಲ ನೋಡಿ ರುಮಟಾಯ್ಡ್ ಆರ್ಥ್ರೈಟಿಸ್ ಅಂದಳು. ದೇಹ ತನ್ನ ಕೀಲುಗಳ ಮೇಲೆ ತಾನೇ ಜಗಳಕ್ಕೆ ಬೀಳುವ ರೋಗವಂತೆ. ನೋವಿನ ಗುಳಿಗೆ ಬಾವು, ನೋವು ತಗ್ಗಿಸುತ್ತದೆ, ಜಗಳ ಬಿಡಿಸುವುದಿಲ್ಲ. ಅದಕ್ಕೆ ಬೇರೆ ಔಷಧಿ, ವಾರಕ್ಕೆ ಒಂದೇ ದಿನ. ಕೆಲಸ ಶುರುಮಾಡಲು ಅದಕ್ಕೆ ಎರಡು ಮೂರು ತಿಂಗಳು ಬೇಕು, ನಡುನಡುವೆ ರಕ್ತ ಪರೀಕ್ಷೆ ಮಾಡಿಸಬೇಕು. ಮುಂದೆ ತೀರಾ ಬೇಕಾದರೆ ನೋವಿನ ಗುಳಿಗೆಯನ್ನು ತಾನೇ ಬರೆದುಕೊಡುತ್ತೇನೆ, ಹೊಟ್ಟೆ ಕಾಯುವ ಮಾತ್ರೆಯ ಜೊತೆ, ಉಂಡ ಮೇಲೆ, ಹೇಳಿದಷ್ಟೇ ದಿನ ಅಂದಳು. ಎಲ್ಲ ಕೇಳಿಸಿಕೊಂಡು ನಾನು ಕೇಳಿದ್ದು ಒಂದೇ.

“ರೊಟ್ಟಿ ಬಡೀಬಹುದಾ?”

ಅವಳು ತನ್ನ ಎರಡು ಬೆರಳು ನನ್ನ ಅಂಗೈಯಲ್ಲಿಟ್ಟು, ಗಟ್ಟಿಯಾಗಿ ಹಿಡಿಯಿರಿ ಅಂದಳು. ಹಿಡಿದೆ. ಹಿಡಿದಂತೆ ಆಗಲೇ ಇಲ್ಲ. “ಮೂರು ತಿಂಗಳು ಬಿಟ್ಟು ಮತ್ತೆ ಹಿಡಿಯಿರಿ, ಆಗ ಹೇಳುತ್ತೇನೆ” ಅಂದಳು. ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಆ ಮೂರು ತಿಂಗಳು ಯಾರಿಗೂ ಬೇಡ. ಕುಪ್ಪಸದ ಹುಕ್ಕು ಹಾಕಲು ಬರುತ್ತಿರಲಿಲ್ಲ. ನಲ್ಲಿ ತಿರುಗಿಸಲು ಬರುತ್ತಿರಲಿಲ್ಲ. ನಮ್ಮನೆಯವರು ಫ್ಯಾಕ್ಟರಿ ಬಸ್ಸಿಗೆ ಹೋಗುವ ಮೊದಲು ನನ್ನ ಕೈಗಳನ್ನು ಬಿಸಿನೀರಿನಲ್ಲಿ ಇಡಿಸಿ, ತಲೆ ಬಾಚಿ ಹೋಗುತ್ತಿದ್ದರು. ಬೈತಲೆ ಯಾವತ್ತೂ ಸೊಟ್ಟ. ಗೋಡೆಯ ಆಚೆ ಸರೂಬಾಯಿ ಒಬ್ಬಳೇ ಬಡಿಯುವ ಸದ್ದು ಕೇಳುವಾಗ, ಅವಳು ನನ್ನ ಪಾಲಿನದನ್ನೂ ಬಡಿಯುತ್ತಿದ್ದಾಳೆ ಅನ್ನುವ ಋಣ ಒಂದು ಕಡೆ, ನಾನಿಲ್ಲದೆಯೂ ನಡೆಯುತ್ತದಲ್ಲ ಅನ್ನುವ ಹೊಟ್ಟೆಕಿಚ್ಚು ಇನ್ನೊಂದು ಕಡೆ, ಎರಡೂ ಕೂಡಿ ಕಣ್ಣಲ್ಲಿ ನೀರು ತರಿಸುತ್ತಿದ್ದವು.

ಒಂದು ಬೆಳಿಗ್ಗೆ ನಲ್ಲಿ ತಿರುಗಿಸಿ ಕೊಡ ತುಂಬಿಸಿದೆ. ಕೊಡ ತುಂಬಿದ ಮೇಲೆಯೇ ಗೊತ್ತಾಗಿದ್ದು, ಯಾರನ್ನೂ ಕರೆಯಲಿಲ್ಲ ಅಂತ.

ಮುಂದಿನ ಸಲ ನಾನು ಡಾಕ್ಟರಮ್ಮನ ಬೆರಳು ಹಿಡಿದಾಗ “ಅಮ್ಮಾ, ಸಾಕು ಸಾಕು” ಅಂತ ನಕ್ಕಳು. ಸ್ವಲ್ಪ ಸ್ವಲ್ಪ ಬಡಿಯಿರಿ, ಬೆರಳು ಬಿಸಿಯಾದರೆ ನಿಲ್ಲಿಸಿ ಅಂದಳು.

ಮರುದಿನವೇ ಹಂಚಿನ ಮುಂದೆ ಕೂತೆ. ಹಿಟ್ಟು ಕೈಗೆ ಹತ್ತಿದಾಗ ಜೀವ ಬಂದಂತಾಯಿತು. ಮೊದಲ ರೊಟ್ಟಿಯ ಅಂಚೆಲ್ಲ ಸೀಳಿತ್ತು. “ರೊಟ್ಟಿ ಬಡಿ ಅಂದ್ರ ತೆಲಂಗಾಣದ ನಕಾಶೆ ಬಡ್ದಿಯಲ್ಲವ್ವ” ಅಂತ ಸರೂಬಾಯಿ ಕಾಲೆಳೆದಳು. ಅವಳ ಕಣ್ಣೂ ಒದ್ದೆಯಾಗಿತ್ತು, ಹೊಗೆ ಅಂದಳು. ನಮ್ಮದು ಗ್ಯಾಸ್ ಒಲೆ.

ಬೆಂದ ರೊಟ್ಟಿಯನ್ನು ಆಕಳಿಗೆ ಅಂತ ಎತ್ತಿಡಲು ಹೋದೆ. ನಮ್ಮನೆಯವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾಟಿನಲ್ಲಿ ಹಾಕಿ, ಮೇಲೊಂದು ಚಮಚ ಬೆಣ್ಣೆಯಿಟ್ಟು ನನ್ನ ಮುಂದೆ ಸರಿಸಿದರು. ಅವತ್ತು ವಾರದ ಔಷಧಿಯ ದಿನ, ಗುಳಿಗೆಗಳು ಅವರ ಅಂಗೈಯಲ್ಲೇ ಇದ್ದವು.

“ಮೊದಲ ಇದನ್ನ ತಿನ್ನು.”

“ಅದು ಆಕಳಿಂದ್ರಿ!”

“ಆಕಳಿಗೆ ಎರಡನೇದು ಹಾಕೂಣು. ಅದೇನು ಡಾಕ್ಟರ್ ಕಡೆ ಹೋಗಾಕತ್ತೈತೇನ?”

ಬಸ್ಸಿಗೆ ಹೊತ್ತಾಗಿದ್ದರೂ ಅವರು ಅಲ್ಲಿಂದ ಕದಲಲಿಲ್ಲ. ಸರೂಬಾಯಿಯೂ ಕೈ ನಿಲ್ಲಿಸಿ ಕೂತಳು. ಅವ್ವ ಎಲ್ಲಿಂದಲೋ ನೋಡುತ್ತಿದ್ದಾಳೇನೋ ಅಂತ ಮುಂಗೈ ಒಮ್ಮೆ ಚುರ್ರೆಂದಿತು. ಆದರೂ ಮುರಿದು ಬಾಯಿಗಿಟ್ಟೆ. ಐವತ್ತು ದಾಟಿದ ನಾನು, ಎಣಿಸಲಾರದಷ್ಟು ರೊಟ್ಟಿ ಬಡಿದ ನಾನು, ಹಂಚಿನಿಂದ ಇಳಿದ ಬಿಸಿ ರೊಟ್ಟಿ ತಿಂದದ್ದು ಅದೇ ಮೊದಲು. ಇಷ್ಟು ರುಚಿ ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅವತ್ತು ಒಂಬತ್ತು ಬಡಿದು ನಿಲ್ಲಿಸಿದೆ. ನಾಳೆ ಹತ್ತಾಗುತ್ತವೋ, ಏಳಕ್ಕೇ ಕೈ ಸೋಲುತ್ತದೋ ಹೇಳಲಾರೆ. ಎಷ್ಟೇ ಆಗಲಿ, ಮೊದಲನೆಯದು ನನ್ನದು.