ನಿಂಬೆಹಣ್ಣಿನ ಮೇಲೆ ಹತ್ತಿಸಿದ ಕರೆಂಟು ಗಾಡಿ

ವಿನಿಪೆಗ್‌ನಲ್ಲಿ ಕಣ್ಣುಬಿಟ್ಟ ಮೊದಲ ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ, ಬೀದಿಯಲ್ಲಿ ನಿಂತ ಅಷ್ಟೂ ಕಾರುಗಳ ಬಾಯಿಂದ ಒಂದೊಂದು ವೈರು ನೇತಾಡುತ್ತಿದೆ. ತುದಿಯಲ್ಲಿ ನಮ್ಮ ಇಸ್ತ್ರಿಪೆಟ್ಟಿಗೆಗೆ ಇರುವಂಥ ಪ್ಲಗ್ಗು. ಒಂದೆರಡನ್ನು ಮನೆಯ ಗೋಡೆಗೆ ಸಿಕ್ಕಿಸಿಯೂ ಇದ್ದರು. ಹನ್ನೆರಡು ವರ್ಷ ಶ್ರೀನಿವಾಸಪುರಕ್ಕೂ ರಾಯಲ್ಪಾಡಿಗೂ ಜೀಪು ಓಡಿಸಿದವನು ನಾನು. ಗಾಡಿಗೆ ಹೊಲದ ಮೋಟರಿನ ಹಾಗೆ ಕರೆಂಟು ಕೊಡುವುದನ್ನು ಕಂಡಿರಲಿಲ್ಲ. ಹೆಂಡತಿ ಸುಜಾತಳನ್ನು ಎಬ್ಬಿಸಿ, ಇಲ್ಲಿ ಕಾರುಗಳು ಕರೆಂಟಿನಲ್ಲಿ ಓಡುತ್ತವೆ ಎಂದು ದೊಡ್ಡದಾಗಿ ಸಾರಿದೆ. ಮಧ್ಯಾಹ್ನದೊಳಗೆ ನಿಜ ತಿಳಿಯಿತು. ಅದರ ಹೆಸರು ಬ್ಲಾಕ್ ಹೀಟರ್. ಮೈನಸ್ ಮೂವತ್ತರ ಚಳಿಯಲ್ಲಿ ಎಂಜಿನ್ ಹೆಪ್ಪುಗಟ್ಟಿ ಕೂರದಂತೆ ಬೆಚ್ಚಗಿಡುವ ಸಲಕರಣೆ. ಸುಜಾತ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ.

ನಾವು ಬಂದದ್ದು ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ. ಸುಜಾತ ಹುತ್ತೂರಿನವಳು, ರೇಷ್ಮೆಹುಳು ಸಾಕುವವರ ಮನೆ ಮಗಳು, ಓದಿದ್ದು ನರ್ಸಿಂಗ್. ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದು ಅವಳಿಗೆ, ಜೊತೆಯಲ್ಲಿ ಬಂದವನು ನಾನು. ಜೀಪನ್ನು ತಮ್ಮ ಸೀನನ ಕೈಗೆ ಒಪ್ಪಿಸಿ ಹೊರಟಾಗ ಅಮ್ಮನಿಗೆ ಮಾತು ಕೊಟ್ಟಿದ್ದೆ, ಐದೇ ವರ್ಷ, ಆಮೇಲೆ ಆಗಿನ್ನೂ ಕೈಗೂಸಾಗಿದ್ದ ಮಗಳನ್ನು ಶ್ರೀನಿವಾಸಪುರದ ಶಾಲೆಗೇ ಸೇರಿಸುತ್ತೇನೆ ಎಂದು. ಆ ಮಾತಿನ ದೆಸೆಯಿಂದ ಇಲ್ಲಿ ಭಾರದ್ದೇನನ್ನೂ ಕೊಂಡಿರಲಿಲ್ಲ. ವಾಪಸ್ಸು ಹೋಗುವವನಿಗೆ ಸ್ವಂತ ಗಾಡಿ ಯಾಕೆ ಎಂದು ಬಸ್ಸಿನಲ್ಲೇ ಓಡಾಡಿದೆವು.

ಆಮೇಲೆ ಬಾಡಿಗೆಗೆ ಮನೆ ಸಿಕ್ಕಿದ್ದು ನೆಲದ ಕೆಳಗೆ. ಇಲ್ಲಿ ಅದಕ್ಕೆ ಬೇಸ್‌ಮೆಂಟ್ ಎನ್ನುತ್ತಾರೆ. ಕಿಟಕಿ ನೆತ್ತಿಯ ಮಟ್ಟಕ್ಕಿದ್ದು, ಹಿಮ ಬಿದ್ದರೆ ಅದೂ ಮುಚ್ಚಿಹೋಗುತ್ತಿತ್ತು. ನಮ್ಮೂರಲ್ಲಿ ಹಾಗೆ ಕತ್ತಲಲ್ಲಿ ಇಡುವುದು ಹಣ್ಣಿಗಿಟ್ಟ ಮಾವಿನಕಾಯನ್ನು. ಮೇಲಿನ ಮಹಡಿಯಲ್ಲಿ ಯಜಮಾನ ವಾಲ್ಟರ್, ನಿವೃತ್ತ ಎಲೆಕ್ಟ್ರೀಷಿಯನ್, ಅಪ್ಪನ ಕಾಲಕ್ಕೆ ಉಕ್ರೇನಿನಿಂದ ಬಂದ ರೈತರ ಮನೆಯವರು. ಕ್ರಿಸ್‌ಮಸ್ಸಿಗೆ ಅವರು ಪೆರೋಗಿ ಎಂಬುದನ್ನು ತಂದುಕೊಟ್ಟರು. ಬಾಯಿಗಿಟ್ಟರೆ ಆಲೂಗಡ್ಡೆ ತುಂಬಿದ ಕಡುಬು. ನಾವು ರಾಗಿಮುದ್ದೆ, ಬಸ್ಸಾರು ಕೊಟ್ಟೆವು. ಮುದ್ದೆಯನ್ನು ಅಗಿದು ಅಗಿದು ಸುಸ್ತಾದ ಅವರಿಗೆ, ಇದನ್ನು ನುಂಗಬೇಕು ಎಂದು ನಾನು ಕೈಸನ್ನೆಯಲ್ಲೇ ಹೇಳಿಕೊಟ್ಟೆ. ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವ ರಾಯಲ್ಪಾಡಿನ ನಾಲಿಗೆ ನನ್ನದು. ಇಂಗ್ಲಿಷ್ ಅದಕ್ಕೆ ಹತ್ತುವುದು ತಡವಾಯಿತು.

ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದೆ. ನಗಬೇಡಿ. ಹನ್ನೆರಡು ವರ್ಷದ ಸರ್ವೀಸು, ಪರೀಕ್ಷೆ ಮಾಡಿದವಳು ಹಾರ್ನ್ ಯಾಕೆ ಹೊಡೆದೆ ಎಂದು ಕೇಳಿದಳು. ಮೂರನೇ ಸಲ ಪಾಸಾಗಿ ಆಸ್ಪತ್ರೆಯ ವ್ಯಾನು ಓಡಿಸುವ ಕೆಲಸ ಹಿಡಿದೆ. ಊರಲ್ಲಿ ನನ್ನ ಜೀಪಿನೊಳಗೆ ಹದಿನೆಂಟು ಜನ, ಟೊಮೇಟೊ ಬಾಕ್ಸುಗಳು, ಯಾರದೋ ಕೋಳಿ. ಯಾರ ಮನೆ ಮದುವೆ, ಯಾರ ಬೋರಿನಲ್ಲಿ ನೀರು ಎಲ್ಲವೂ ಆ ಒಂದು ಗಂಟೆಯಲ್ಲಿ ಕಿವಿಗೆ ಬೀಳುತ್ತಿತ್ತು. ಇಲ್ಲಿ ಏಳು ಜನ ಕೂರುವ ಗಾಡಿಯಲ್ಲಿ ಒಬ್ಬರೇ ಗಾಜೇರಿಸಿಕೊಂಡು ಹೋಗುತ್ತಾರೆ. ಜೀಪು ಮುನಿರಾಜು ಎಂದರೆ ಗಡಿಯಾಚೆಯ ಆಂಧ್ರದ ಹಳ್ಳಿಗಳವರಿಗೂ ಗೊತ್ತಿದ್ದವನು, ಇಲ್ಲಿ ವ್ಯಾನಿನ ಡ್ರೈವರ್ ಅಷ್ಟೇ. ಅದು ನನ್ನನ್ನು ಚಳಿಗಿಂತ ಹೆಚ್ಚು ಕೊರೆಯಿತು.

ವಾಲ್ಟರ್ ಬಳಿ ಒಂದು ಎಸ್‌ಯುವಿ ಇತ್ತು. ಅಂದರೆ ಜೀಪಿನ ಎತ್ತರ, ಕಾರಿನ ಸುಖ, ಸಂಸಾರಸ್ಥರ ಗಾಡಿ. ಪೆಟ್ರೋಲು ಎಂಜಿನ್ನೂ ಕರೆಂಟು ಮೋಟರೂ ಎರಡೂ ಇರುವ ಹೈಬ್ರಿಡ್. ಕಂಪನಿ ಕೊಟ್ಟ ಬ್ಯಾಟರಿ ಸಾಲದೆಂದು ಅವರು ಹಿಂದುಗಡೆ ಇನ್ನಷ್ಟು ಬ್ಯಾಟರಿ ಕೂರಿಸಿ, ಬಂಪರಿಗೆ ಪ್ಲಗ್ಗು ಇಟ್ಟು, ಶೆಡ್ಡಿನ ಗೋಡೆಯಿಂದ ಚಾರ್ಜ್ ಮಾಡುತ್ತಿದ್ದರು. ಮೊದಲು ಕರೆಂಟಿನಲ್ಲಿ ಓಡಿ ಅದು ತೀರಿದ ಮೇಲೆ ಪೆಟ್ರೋಲಿಗೆ ಹೋಗುತ್ತದೆ ಎಂದು ವಿವರಿಸಿದಾಗ ನನಗೆ ನಗು ಬಂತು. ನನ್ನ ಹಳೇ ಜೀಪು ಪೆಟ್ರೋಲಿನಲ್ಲಿ ಸ್ಟಾರ್ಟಾಗಿ, ಎಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ಹೊರಳುತ್ತಿತ್ತು. ನಲ್ಲಿ ತಿರುಗಿಸುವ ಹದ ಕೈಗೆ ಗೊತ್ತಿರಬೇಕು, ಇಲ್ಲದಿದ್ದರೆ ದಾರಿಯಲ್ಲೇ ಕೆಮ್ಮಿ ನಿಲ್ಲುತ್ತಿತ್ತು. ಅದನ್ನು ಹೇಳಿದ್ದೇ ತಡ, ವಾಲ್ಟರ್ ನನ್ನನ್ನು ಕುರ್ಚಿ ಹಾಕಿ ಕೂರಿಸಿದರು. ಅಲ್ಲಿಂದ ಶನಿವಾರಗಳೆಲ್ಲ ಅವರ ಶೆಡ್ಡಿನಲ್ಲೇ ಕಳೆದವು.

ಎರಡು ಸಾವಿರದ ಎಂಟರ ಹೊತ್ತಿಗೆ ಅವರು ಮಗಳಿರುವ ಊರಿಗೆ ಹೋಗಿ ನೆಲೆಸುವ ತಯಾರಿ ನಡೆಸಿದರು. ತಾವು ಹೋದ ಮೇಲೆ ಕೆಳಗಿನದರ ಜೊತೆ ಮೇಲಿನ ಮನೆಯನ್ನೂ ನಮಗೇ ಬಾಡಿಗೆಗೆ ಬಿಡುವುದಾಗಿ ಹೇಳಿದರು. ಗಾಡಿಯನ್ನು ಅದರ ಸ್ವಭಾವ ಬಲ್ಲವರಿಗೇ ಕೊಡುವುದು, ಬೇಕಾದರೆ ನಿನಗೆ ಎಂದರು. ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಸುಜಾತಳ ಎದುರು ಅದನ್ನು ಹೊಗಳುವಾಗ ನನ್ನ ದನಿ ನನಗೇ ನಾಚಿಕೆ ತರುತ್ತಿತ್ತು.

ಅವಳು ಹೊಗಳಿಕೆಗೆ ಬಗ್ಗುವವಳಲ್ಲ. ಒಂದು ವಾರ ಓಡಿಸಿ ನೋಡೋಣ ಎಂದಳು. ಮಗಳ ಶಾಲೆ, ಆಸ್ಪತ್ರೆ, ತರಕಾರಿ ಅಂಗಡಿ, ಇಷ್ಟು ಓಡಾಟ ಕರೆಂಟಿನಲ್ಲೇ ಮುಗಿಯುತ್ತಿತ್ತು, ಪೆಟ್ರೋಲಿನ ಮುಳ್ಳು ಅಲ್ಲಾಡಲಿಲ್ಲ. ಆದರೆ ಡಿಕ್ಕಿಯಲ್ಲಿ ಅರ್ಧ ಜಾಗ ಬ್ಯಾಟರಿಗೇ ಹೋಗಿತ್ತು. ಗಡಗಡ ಚಳಿಯಲ್ಲಿ ಬ್ಯಾಟರಿ ಮಂಕಾಗಿ, ಹೀಟರಿಗೋಸ್ಕರವಾದರೂ ಎಂಜಿನ್ ಏಳುತ್ತದೆ ಎಂದು ವಾಲ್ಟರೇ ಹೇಳಿದರು. ಮುಂದೊಂದು ದಿನ ಕಂಪನಿಗಳೇ ಇಂಥದನ್ನು ಮಾಡುತ್ತವೆ ಎಂಬ ನಂಬಿಕೆ ಅವರದು. ಫೋನಿನಲ್ಲಿ ಸೀನ ಕೇಳಿದ್ದು ಒಂದೇ ಪ್ರಶ್ನೆ, "ಅಣ್ಣ, ಅಲ್ಲಿ ಯಾವಾಗ್ಲೂ ಕರೆಂಟ್ ಇರುತ್ತಾ?" ಇರುತ್ತದೆ ಎಂದೆ. ಹಾಗಾದರೆ ಅದು ಆ ಊರಿನದೇ ಗಾಡಿ, ನಮ್ಮಲ್ಲಿ ಮೋಟರಿಗೇ ಮೂರು ಫೇಸ್ ಬರುವುದು ಅದರ ಇಷ್ಟ ಬಂದಾಗ ಎಂದ. ಸುಜಾತ ಕೊನೆಗೆ ಒಪ್ಪಿದಳು. ಒಪ್ಪಿ, ಅಮ್ಮನಿಗೆ ಯಾರು ಹೇಳುವುದು ಎಂದಳು.

ಅಮ್ಮ ಆ ಬೇಸಿಗೆಯಲ್ಲೇ ನಮ್ಮ ಮನೆಗೆ ಬಂದಿದ್ದಳು. ಐದು ವರ್ಷವೆಂದವನು ಎಂಟು ತುಂಬಿಸುತ್ತಿದ್ದೆ. ಬಂದದ್ದು ಊರು ನೋಡಲು ಅಲ್ಲ, ನಮ್ಮನ್ನು ಕರೆದೊಯ್ಯಲು ಎಂದು ಮೂವರಿಗೂ ಗೊತ್ತಿತ್ತು. ಗಾಡಿ ಕೊಂಡರೆ ನಾನು ಇಲ್ಲೇ ಉಳಿದೆ ಎಂದು ಅರ್ಥ. ಅಳುಕುತ್ತಲೇ ವಿಷಯ ತೆಗೆದೆ. ಅಮ್ಮ ಸೊಪ್ಪು ಬಿಡಿಸುತ್ತಲೇ, ಪೂಜೆ ಮಾಡದೆ ಗಾಡಿ ಹತ್ತಬಾರದು ಎಂದಷ್ಟೇ ಹೇಳಿದಳು.

ಬೇಸಿಗೆ ಮುಗಿದ ಮೇಲೊಂದು ಶುಕ್ರವಾರ ಬೆಳಿಗ್ಗೆ ವಾಲ್ಟರ್ ಶೆಡ್ಡಿನ ಮುಂದೆ ಪೂಜೆ. ಬಾನೆಟ್ಟಿಗೆ ಅರಿಶಿನ, ಕುಂಕುಮ. ಬೂದುಗುಂಬಳ ಸಿಗದೆ ವಾಲ್ಟರ್ ಮೆಟ್ಟಿಲಮೇಲೆ ಅಲಂಕಾರಕ್ಕಿಟ್ಟಿದ್ದ ಕೇಸರಿ ಕುಂಬಳವನ್ನೇ ಗಾಡಿಗೆ ನಿವಾಳಿಸಿ ಒಡೆದೆವು. ಅವರು ತಲೆಯ ಟೋಪಿ ತೆಗೆದು ನಿಂತಿದ್ದರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಅಮ್ಮ ಆರತಿ ಎತ್ತಿ, "ನಡಿ ನಾಯನಾ" ಎಂದಳು. ನಾಯನಾ ಎಂದರೆ ನಮ್ಮ ಕಡೆಯ ತೆಲುಗಿನಲ್ಲಿ ಮಗನನ್ನು ಮುದ್ದಿನಿಂದ ಕರೆಯುವ ರೀತಿ. ನಾನು ಕೀಲಿ ತಿರುಗಿಸಿದೆ. ಸದ್ದಿಲ್ಲ. ಜೀಪಿನವನ ಕಿವಿ ನೋಡಿ, ಎಂಜಿನ್ ಗುಡುಗದಿದ್ದರೆ ಗಾಡಿ ಎದ್ದಿದೆ ಎಂದು ಮನಸ್ಸು ಒಪ್ಪುವುದಿಲ್ಲ. ಗೇರಿಗೆ ಹಾಕಿ, ಊರಿನ ಅಭ್ಯಾಸದಂತೆ ನಿಂಬೆಹಣ್ಣು ಒಂದೇ ಏಟಿಗೆ ಅಪ್ಪಚ್ಚಿಯಾಗಲೆಂದು ಜೋರಾಗಿ ತುಳಿದೆ. ಹಿಂದಿನ ಬಂಪರಿನಲ್ಲಿ ಚಾರ್ಜಿನ ವೈರು ಇನ್ನೂ ಸಿಕ್ಕಿಕೊಂಡೇ ಇತ್ತು.

ಗಾಡಿ ಚಂಗನೆ ನೆಗೆಯಿತು. ನಿಂಬೆಹಣ್ಣು ನಾಲ್ಕೂ ಸಿಡಿದವು. ಹಿಂದಿನಿಂದ ಲಟಕ್ಕೆಂದು ಶಬ್ದ ಬಂದು, ತಿರುಗಿ ನೋಡಿದರೆ ಗೋಡೆಯ ಸಾಕೆಟ್ಟು ಹಲಗೆಯ ಸಮೇತ ಕಿತ್ತು ಬಂದು ಅರಿಶಿನದ ನೀರಿನಲ್ಲಿ ಬಿದ್ದಿತ್ತು. ಶೆಡ್ಡಿನ ಫ್ಯೂಸು ಹೋಗಿ ವಾಲ್ಟರ್ ರೇಡಿಯೊ ನಿಂತಿತು.

ಪೂಜೆಯ ಹೊತ್ತಿನಲ್ಲೇ ಹೀಗಾದರೆ ನಮ್ಮವರು ಏನೆನ್ನುತ್ತಾರೆಂದು ನಿಮಗೆ ಗೊತ್ತೇ ಇದೆ. ಸುಜಾತಳ ಮುಖ ಬಿಳುಚಿತು. ಅಮ್ಮ ಒಂದು ಮಾತಂದರೆ ಮುಗಿಯಿತು, ಗಾಡಿಯೂ ಬೇಡ, ಈ ದೇಶವೂ ಬೇಡ. ನಾನು ಸ್ಟೇರಿಂಗ್ ಹಿಡಿದುಕೊಂಡು ಅಮ್ಮನನ್ನೇ ನೋಡಿದೆ. ಅವಳು ಸಾಕೆಟ್ಟನ್ನು ನೋಡಿದಳು, ನನ್ನನ್ನು ನೋಡಿದಳು, ಬಿದ್ದಿದ್ದ ಹಲಗೆಯನ್ನು ಕಾಲಲ್ಲಿ ಬದಿಗೆ ಸರಿಸಿದಳು.

"ದೃಷ್ಟಿ ಹೋಯ್ತು ಬಿಡು" ಎಂದಳು.

ವಾಲ್ಟರ್ ಅದರ ಅರ್ಥ ಕೇಳಿದರು. ಸುಜಾತ ಹೇಳಿದಳು, ಬರಬೇಕಿದ್ದ ಕೇಡು ಅಷ್ಟರಲ್ಲೇ ಕಳೆಯಿತಂತೆ ಎಂದು. ಅವರು ತಲೆದೂಗಿ, ಹಾಗಾದರೆ ನಾಳೆ ಬಂದು ಗೋಡೆ ನೀನೇ ಸರಿಮಾಡು ಎಂದರು. ಎರಡು ದಿನ ಪಕ್ಕದಲ್ಲಿ ನಿಂತು ವೈರಿಂಗ್ ಕಲಿಸಿ, ಕೀಲಿಯನ್ನು ಕೈಗಿಟ್ಟರು. ಬೀದಿಯ ಜನ ಆಮೇಲೆ ನನ್ನನ್ನು ಕರೆಂಟು ಗಾಡಿಯವನು ಎಂದು ಗುರುತಿಸತೊಡಗಿದರು. ಎಂಟು ವರ್ಷಕ್ಕೆ ನನಗೊಂದು ಹೆಸರು ಬಂತು, ಖುಷಿಯಾಯಿತು.

ಮೊದಲ ಹಿಮ ಬೀಳುವ ಮುಂಚೆ ಅಮ್ಮ ಊರಿಗೆ ಹೊರಟಳು. ಏರ್‌ಪೋರ್ಟಿಗೆ ನಾವಿಬ್ಬರೇ. ಗಾಡಿ ಕರೆಂಟಿನಲ್ಲಿತ್ತು, ಚೂರೂ ಸದ್ದಿಲ್ಲ. ಜೀಪಿನಲ್ಲಾಗಿದ್ದರೆ ಅವಳ ಮೆಲುದನಿ ನನಗೆ ಕೇಳುತ್ತಲೇ ಇರಲಿಲ್ಲ.

"ಅವತ್ತು ಆ ವೈರು ಕಿತ್ಕೊಂಡಾಗ ನಂಗೆ ಸಂತೋಷ ಆಯ್ತು ಕಣೋ" ಎಂದಳು. "ಅಪಶಕುನ, ನಡಿ ಊರಿಗೆ ಹೋಗೋಣ ಅಂತ ಬಾಯ್ಗೇ ಬಂದಿತ್ತು."

ಮತ್ತೆ ಯಾಕೆ ಹೇಳಲಿಲ್ಲ ಎಂದೆ.

"ಚಿಕ್ಕ ಮಗು ತರ ನನ್ನ ಮುಖಾನೇ ನೋಡ್ತಿದ್ದೆ. ಹೆಂಗ್ ಹೇಳ್ಲಿ ನಾಯನಾ?"

ನನಗೆ ರಸ್ತೆ ಮಂಜಾಯಿತು. ಗಾಡಿಯನ್ನು ಬದಿಗೆ ಹಾಕಿ ನಿಲ್ಲಿಸಿದೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, ವಿಮಾನಕ್ಕೆ ಹೊತ್ತಾಯಿತು ಎಂದಳು.

ಗೇಟಿನ ಬಳಿ ಅವಳು ತಿರುಗಿ ನಿಂತು "ಬರ್ತೀನಿ" ಎಂದಳು. ನಮ್ಮಲ್ಲಿ ಮನೆಯಿಂದ ಹೊರಡುವವರು ಮನೆಯಲ್ಲಿ ಉಳಿಯುವವರಿಗೆ ಹೇಳುವ ಮಾತು ಅದು. ಹುಟ್ಟಿದಾಗಿನಿಂದ ಅದನ್ನು ಹೇಳುತ್ತಿದ್ದವನು ನಾನು, ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ಅವಳು. ಅವಳು ಅಷ್ಟು ವರ್ಷ ನನಗೆ ಹೇಳುತ್ತಿದ್ದುದನ್ನೇ ಹೇಳಿದೆ.

"ಹೋಗ್ಬಿಟ್ಟು ಬಾಮ್ಮ."